ಬಿಡದಿ ಸೀಮೆಯ ನಿತ್ಯಜೀವನದಲ್ಲಿ ಹೊಸ ತಂತ್ರಜ್ಞಾನ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿರುವ ಬಿಡದಿ ತಟ್ಟೆ ಇಡ್ಲಿಗೆ ಹೆಸರಾದ ಊರು. ಈಗ ರಾಜ್ಯದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ಭೂಮಿ ಪಡೆದು ಕಾರ್ಖಾನೆಗಳಿಗೆ ಹಂಚಿತು. ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹ ಸೇರಿ 1997ರಲ್ಲಿ ಸ್ಥಾಪಿಸಿದ ಕಂಪನಿ 432 ಎಕರೆಯಲ್ಲಿ ಕಾರ್ಖಾನೆ ಕಟ್ಟಿ, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ತಯಾರಿಕೆ ಆರಂಭಿಸಿತು. ಬಾಷ್, ಕೋಕಾ ಕೋಲಾ, ಬ್ರಿಟಾನಿಯಾ ಘಟಕಗಳೂ ಇಲ್ಲಿವೆ. ಟೊಯೊಟಾದ ಮೂರನೆಯ ಘಟಕಕ್ಕೆ 2023ರ ನವೆಂಬರಿನಲ್ಲಿ 3,300 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದವಾಯಿತು. ಸುತ್ತಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ರೇಷ್ಮೆ, ರಾಗಿ, ಹಾಲು, ಮಾವು, ಮರದ ಗೊಂಬೆ ಈ ಸೀಮೆಯ ಹಳೆಯ ಬದುಕು. ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರೋಬೋಗಳೂ ಗೊಂಬೆಗೆ ಅರಗು ಬಳಿಯುವ ಕೈಗಳೂ ಬೈಕಿನಲ್ಲಿ ಒಂದು ತಾಸಿನೊಳಗೆ ಮುಟ್ಟುವಷ್ಟು ಹತ್ತಿರ ಇರುವುದರಿಂದ, ಗಣಕ, ಮೊಬೈಲು, ಅಂತರ್ಜಾಲ ಜನಜೀವನಕ್ಕೆ ಏನು ಮಾಡಿವೆ ಎಂಬುದನ್ನು ಅಳೆದು ನೋಡಲು ಇಷ್ಟು ಅನುಕೂಲವಾದ ಜಾಗ ರಾಜ್ಯದಲ್ಲಿ ಕಡಿಮೆ.

ತಂತ್ರಜ್ಞಾನ ಕೆಲಸವನ್ನು ಬೇಗ ಮಾಡಿಸುತ್ತದೆ ಎನ್ನುವುದು ಸಾಮಾನ್ಯ ತಿಳಿವಳಿಕೆ. ಈ ಸೀಮೆಯಲ್ಲಿ ವೇಗ ಹೆಚ್ಚಿದ್ದು ನಿಜ. ಅದಕ್ಕಿಂತ ಆಳವಾಗಿ ಬದಲಾದ ಸಂಗತಿ ಇನ್ನೊಂದಿದೆ: ತೂಕ, ಬೆಲೆ, ಹೆಸರು, ಹಾಜರಿ, ಹಕ್ಕು ಇವನ್ನು ಬರೆದಿಡುವವರು ಯಾರು, ಬರೆದದ್ದು ತಪ್ಪಾದರೆ ತಿದ್ದುವವರು ಎಲ್ಲಿ ಸಿಗುತ್ತಾರೆ ಎಂಬುದು. ಇಪ್ಪತ್ತೈದು ವರ್ಷಗಳಲ್ಲಿ ದಾಖಲೆ ನೋಡುವುದು ಎಲ್ಲರಿಗೂ ಸುಲಭವಾಯಿತು. ಅದೇ ಕಾಲದಲ್ಲಿ ದಾಖಲೆ ತಿದ್ದುವ ಅಧಿಕಾರ ಊರಿನಿಂದ ದೂರ ಸರಿಯಿತು. ತಿದ್ದುವ ಕೈಯೂ ಹತ್ತಿರದಲ್ಲೇ ಉಳಿದ ಕಡೆ ಜನ ಹೊಸ ವ್ಯವಸ್ಥೆಯನ್ನು ತಮ್ಮದಾಗಿಸಿಕೊಂಡಿದ್ದಾರೆ. ಉಳಿಯದ ಕಡೆ, ಹಳೆಯ ಲಂಚದ ಜಾಗದಲ್ಲಿ ಹೊಸ ಅಲೆದಾಟ ಬಂದು ಕೂತಿದೆ. ಜಮೀನಿನ ಪಹಣಿಯಿಂದ ಕಾರ್ಖಾನೆಯವರೆಗೆ ಈ ಒಂದು ಭೇದವೇ ಒಳಿತು ಕೆಡುಕುಗಳನ್ನು ನಿರ್ಧರಿಸಿದೆ ಎಂಬುದು ಈ ಲೇಖನದ ವಾದ.

ಹೊಸ ಸಾಧನಗಳು ಈ ದಾರಿಗೆ ಬಂದದ್ದು ಇದೇ ಮೊದಲಲ್ಲ. ಬೆಂಗಳೂರು–ಮೈಸೂರು ರೈಲು 1880ರ ದಶಕದಲ್ಲೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹಾದು ಹೋಯಿತು. ದೂರವಾಣಿ ಹಳ್ಳಿಗೆ ಬಂದದ್ದು ಬಹಳ ತಡವಾಗಿ. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಕೆಲಸ ಮಾಡಿದ್ದು 1986ರಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಮೇಲೆ ಎಸ್‌ಟಿಡಿ ಬೂತುಗಳ ಕಾಲ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಬಳಿಕ ಅಂತರ್ಜಾಲದ ಬೆಲೆ ಕುಸಿಯಿತು; ಹೊಲದ ಬದುವಿನಲ್ಲಿ ಯೂಟ್ಯೂಬ್ ನೋಡುವುದು ಅಚ್ಚರಿಯ ಸಂಗತಿಯಾಗಿ ಉಳಿಯಲಿಲ್ಲ. ಆದರೆ ಈ ಸೀಮೆಯ ರೈತನ ಬದುಕಿಗೆ ಗಣಕ ಕಾಲಿಟ್ಟದ್ದು ಫೋನಿನ ಮೂಲಕ ಅಲ್ಲ, ತಾಲ್ಲೂಕು ಕಚೇರಿಯ ಮೂಲಕ.

ಪಹಣಿ ಬರೆಯುವ ಅಧಿಕಾರ ತಲೆಮಾರುಗಳ ಕಾಲ ಶಾನುಭೋಗರದಾಗಿತ್ತು, ಆಮೇಲೆ ಗ್ರಾಮ ಲೆಕ್ಕಿಗರದಾಯಿತು. ಪುಸ್ತಕ ಅವರ ಚೀಲದಲ್ಲಿ ಇರುತ್ತಿತ್ತು. ಸಾಲಕ್ಕೆ, ಜಾಮೀನಿಗೆ, ಭಾಗಕ್ಕೆ ಪಹಣಿ ಬೇಕಾದವರು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕಿನ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟು ತಂತ್ರಾಂಶದಲ್ಲೇ ಸೇರಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕೆಲಸ ಮಾಡಬೇಕಾಯಿತು. ಪಹಣಿಗಾಗಿ ಅಂಗಲಾಚುವ ಕಾಲ ಮುಗಿದದ್ದು ಸಣ್ಣ ಸಾಧನೆಯಲ್ಲ, ಅದನ್ನು ಕಡಿಮೆ ಮಾಡಿ ಹೇಳುವವರು ಆ ಅಂಗಲಾಚುವಿಕೆಯನ್ನು ನೋಡಿದವರಲ್ಲ. ಇಂದು ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಮೊಬೈಲಿನಲ್ಲೇ ನೋಡಬಹುದು.

ಇದೇ ಯೋಜನೆಯ ಮೇಲೆ ಬಂದ ಗಂಭೀರ ಟೀಕೆಯೂ ಕಡೆಗಣಿಸುವಂಥದ್ದಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ದಾಖಲೆಗಳು ಹಳ್ಳಿಯಿಂದ ತಾಲ್ಲೂಕಿಗೆ ಸರಿದಾಗ ಲಂಚವೂ ಮೇಲಕ್ಕೆ ಸರಿಯಿತು, ಬೆಂಗಳೂರಿನ ಸುತ್ತ ಭೂಮಿ ಕೂಡಿಸುತ್ತಿದ್ದ ದೊಡ್ಡ ಕಂಪನಿಗಳಿಗೆ ಈ ಕೇಂದ್ರೀಕರಣ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿತು. ಬಿಡದಿಯಂಥ ಜಾಗದಲ್ಲಿ ಈ ಮಾತಿನ ತೂಕ ತಿಳಿಯುತ್ತದೆ. ಪಹಣಿಯ 9ನೆಯ ಕಾಲಂನಲ್ಲಿ ಮಾಲೀಕನ ಹೆಸರಿರುತ್ತದೆ, 11ನೆಯದರಲ್ಲಿ ಹಕ್ಕು ಮತ್ತು ಋಣಗಳು. ಕೈಗಾರಿಕಾ ಮಂಡಳಿ ತನ್ನ 1966ರ ಕಾಯ್ದೆಯ 28ನೆಯ ಕಲಮಿನಡಿ ಅಧಿಸೂಚನೆ ಹೊರಡಿಸಿದರೆ ಅದು 11ನೆಯ ಕಾಲಂಗೆ ಬಂದು ಕೂರುತ್ತದೆ. ಅಂದಿನಿಂದ ಆ ಜಮೀನಿನ ಮೇಲೆ ಸಾಲ, ಮಾರಾಟ ಎರಡೂ ಕಷ್ಟ. ಮೇಲಿನಿಂದ ಬರುವ ನಮೂದು ಹೀಗೆ ಸಲೀಸಾಗಿ ಕೂರುತ್ತದೆ. ಕೆಳಗಿನಿಂದ ಹೋಗಬೇಕಾದ ತಿದ್ದುಪಡಿಗೆ ಮಾತ್ರ ಕಚೇರಿಯಿಂದ ಕಚೇರಿಗೆ ದಾರಿ. ತೀರಿಹೋದ ತಂದೆಯ, ತಾತನ ಹೆಸರಲ್ಲೇ ಉಳಿದ ಪಹಣಿಗಳನ್ನು ಉತ್ತರಾಧಿಕಾರಿಗಳಿಗೆ ವರ್ಗಾಯಿಸುವ ಪೌತಿ ಖಾತೆ ಇದಕ್ಕೆ ಒಳ್ಳೆಯ ಉದಾಹರಣೆ. ಕಾಗದದ ಕಾಲದಲ್ಲಿ ಆ ಬಾಕಿ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಊರಿಗೆಲ್ಲ ಗೊತ್ತಿತ್ತು ಯಾವ ಹೊಲ ಯಾರದೆಂದು. ರೈತರ ನೋಂದಣಿಯ 'ಫ್ರೂಟ್ಸ್' ಸಂಖ್ಯೆ ಬಂದು, ಬರ ಪರಿಹಾರವೂ ಬೆಂಬಲ ಬೆಲೆಯ ರಾಗಿ ಖರೀದಿಯೂ ಆ ಸಂಖ್ಯೆಗೆ ಅಂಟಿಕೊಂಡ ಮೇಲೆ, ಊರಿಗೆ ಗೊತ್ತಿರುವುದು ಲೆಕ್ಕಕ್ಕೆ ಬಾರದಾಯಿತು.

ಹೆಸರಿನ ತೊಡಕು ಇದರೊಳಗೇ ಇದೆ. ಪಹಣಿಯಲ್ಲಿ 'ಕೆಂಪಯ್ಯ ಬಿನ್ ಮರಿಗೌಡ' ಎಂಬ ಮಾದರಿಯಲ್ಲಿ ಹೆಸರಿರುತ್ತದೆ. ಆಧಾರ್‌ನಲ್ಲಿ ಅದೇ ವ್ಯಕ್ತಿ ಇನಿಶಿಯಲ್ ಹಾಕಿಕೊಂಡಿರಬಹುದು, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿರಬಹುದು. ಬ್ಯಾಂಕಿನಲ್ಲಿ 'ಕೆಂಪೇಗೌಡ' ಎಂದಾಗಿರಬಹುದು. ಮೂರೂ ಒಬ್ಬನೇ ಎಂದು ಊರಿನ ಯಾವ ಮಗುವೂ ಹೇಳುತ್ತದೆ. ಗಣಕಕ್ಕೆ ಮೂವರು ಬೇರೆ ಬೇರೆ. ಬಿಡದಿಯ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಬಿಟ್ಟು ಭವಿಷ್ಯ ನಿಧಿ ಬಿಡಿಸಿಕೊಳ್ಳಲು ಹೊರಟ ಯುವಕರಿಗೂ ಇದೇ ಗೋಡೆ ಅಡ್ಡ ಬರುತ್ತದೆ. 2014ರಲ್ಲಿ ಬಂದ ಯುಎಎನ್ ಸಂಖ್ಯೆಯಿಂದ ಕಂಪನಿ ಬದಲಿಸಿದರೂ ಖಾತೆ ಜೊತೆಗೆ ಬರುವಂತಾಯಿತು, ಮೊದಲಿನ ಹಾಗೆ ಹಳೆಯ ಕಂತುಗಳು ಕಳೆದುಹೋಗುವುದು ತಪ್ಪಿತು. ಹೆಸರು ಅಥವಾ ಹುಟ್ಟಿದ ದಿನಾಂಕ ಹೊಂದದಿದ್ದರೆ ಮಾತ್ರ, ಬಿಟ್ಟುಬಂದ ಗುತ್ತಿಗೆದಾರನ ಒಪ್ಪಿಗೆಗಾಗಿ ಮತ್ತೆ ಅವನ ಬಾಗಿಲಿಗೇ ಹೋಗುವ ಸ್ಥಿತಿ ಬಹುಕಾಲ ಇತ್ತು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಯ ವ್ಯವಹಾರಕ್ಕೆ 1959ರ ಕಾಯ್ದೆಯ ಚೌಕಟ್ಟಿದೆ. ಗೂಡು ಮಾರುವ ರೈತನ ಮೂಲ ದುರ್ಬಲತೆ ಜೀವಶಾಸ್ತ್ರದ್ದು: ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆ ಮೇಲೆ ಅದರಿಂದ ಎಳೆ ಬಿಚ್ಚಲಾಗದು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಒಳ್ಳೆಯ ಬೆಲೆಗಾಗಿ ವಾರಗಟ್ಟಲೆ ಕಾಯುವ ಹಾಗಿಲ್ಲ. ಕೂಗಿ ಹರಾಜು ಹಾಕುವ ಕಾಲದಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಒಂದಾಗಿ ಬೆಲೆ ಇಳಿಸುವುದು, ದಲ್ಲಾಳಿ ಕೈಯಾಡಿಸುವುದು, ತೂಕದಲ್ಲಿ ಹಿಡಿಗೂಡು ಹೋಗುವುದು, ಹಣ ನಾಳೆ ನಾಡಿದ್ದು ಎನ್ನುವುದು ಎಲ್ಲ ಇತ್ತು. ಈಗ ಹರಾಜು, ತೂಕ, ಪಾವತಿ ಮೂರೂ ವಿದ್ಯುನ್ಮಾನ. ರೈತ ತಂದ ಗೂಡಿಗೆ ಲಾಟು ಸಂಖ್ಯೆ ಸಿಗುತ್ತದೆ. ರೀಲರು ಮೊಬೈಲಿನಲ್ಲಿ ಬೆಲೆ ಹಾಕುತ್ತಾನೆ. ಅತಿ ಹೆಚ್ಚಿನ ಬೆಲೆ ಪರದೆಯ ಮೇಲೆ ಕಾಣುತ್ತದೆ. ಹಣ ರೈತನ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಗಣಕ ಬಂದರೂ ಗೂಡಿನ ಸುತ್ತಲ ಮನುಷ್ಯ ವ್ಯವಹಾರ ಅಳಿಯದೆ ಉಳಿದದ್ದು. ರೀಲರು ಇಂದಿಗೂ ಲಾಟಿನ ಮುಂದೆ ನಿಂತು ಒಂದು ಹಿಡಿ ಗೂಡು ಎತ್ತಿಕೊಳ್ಳುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸಿ ಕೋಶದ ಸದ್ದು ಕೇಳುತ್ತಾನೆ, ಬೆರಳಲ್ಲಿ ಒತ್ತಿ ಚಿಪ್ಪಿನ ಗಟ್ಟಿತನ ನೋಡುತ್ತಾನೆ, ಸಂಶಯ ಬಂದರೆ ಒಂದನ್ನು ಕೊಯ್ದೂ ನೋಡುತ್ತಾನೆ. ಆಮೇಲೆಯೇ ಮೊಬೈಲಿನಲ್ಲಿ ಅಂಕಿ ಒತ್ತುವುದು. ಬೆಲೆ ಒಪ್ಪದಿದ್ದರೆ ರೈತ ಲಾಟನ್ನು ಬಿಟ್ಟುಕೊಡದೆ ಮುಂದಿನ ಸುತ್ತಿಗೆ ಕಾಯಬಹುದು. ತೂಕದಲ್ಲಿ ತಕರಾರು ಬಂದರೆ ತಕ್ಕಡಿ ಅಲ್ಲೇ ಇದೆ, ಮಾರುಕಟ್ಟೆಯ ಅಧಿಕಾರಿ ಅದೇ ಕಟ್ಟಡದಲ್ಲಿ ಇದ್ದಾನೆ. ಬೆಲೆಯನ್ನು ಯಂತ್ರ ಬಯಲಿಗೆ ತಂದಿತು. ತಕರಾರನ್ನು ಅದೇ ಅಂಗಳದಲ್ಲಿ, ಅದೇ ದಿನ ಬಗೆಹರಿಸುವ ಅವಕಾಶ ಉಳಿಯಿತು. ಪಾವತಿ ಬ್ಯಾಂಕಿಗೆ ಬದಲಾದಾಗ ಸಣ್ಣ ರೀಲರುಗಳು ಗೊಣಗಿದ್ದಕ್ಕೂ ಕಾರಣವಿತ್ತು. ಹಿಂದೆ ಬೆಳಿಗ್ಗೆ ಗೂಡು ಕೊಂಡು, ನೂಲು ಮಾರಿ, ಆಮೇಲೆ ಹಣ ತೀರಿಸುವವರಿದ್ದರು; ಈಗ ಮುಂಗಡ ಖಾತೆಯಲ್ಲಿ ಇಟ್ಟೇ ಬೆಲೆ ಹಾಕಬೇಕು. ಚರಕ, ಕಾಟೇಜ್ ಬೇಸಿನ್‌ನಂಥ ಸಣ್ಣ ಸಾಧನಗಳಲ್ಲಿ ನೂಲು ತೆಗೆಯುವವರಿಗಿಂತ ಸ್ವಯಂಚಾಲಿತ ರೀಲಿಂಗ್ ಯಂತ್ರದ ಬಂಡವಾಳಿಗರಿಗೆ ಇದು ಸುಲಭ. ರೈತನಿಗೆ ಸಿಕ್ಕ ಭದ್ರತೆಯ ಬೆಲೆಯಲ್ಲಿ ಒಂದು ಪಾಲನ್ನು ಸಣ್ಣ ರೀಲರು ತೆತ್ತಿದ್ದಾನೆ. ಅವನಿಗೆ ಬೇಕಾದದ್ದು ಅಲ್ಪಾವಧಿಯ ಸಾಲ. ಹಳೆಯ ಉದ್ರಿ ಪದ್ಧತಿಗೆ ಮರಳುವುದರಿಂದ ನಷ್ಟವಾಗುವುದು ಮತ್ತೆ ರೈತನಿಗೇ.

ಹಾಲಿನ ಡೇರಿಯ ಕಥೆಯೂ ಇದಕ್ಕೆ ಹತ್ತಿರ. ಈ ಜಿಲ್ಲೆ ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿದೆ. ಸಂಘದಲ್ಲಿ ಬೆಳಿಗ್ಗೆ ಹಾಲು ಹಾಕುವ ಹೆಂಗಸಿಗೆ ಕೊಬ್ಬು, ಘನಾಂಶ, ಲೀಟರು, ದರ ಎಲ್ಲ ಇರುವ ಚೀಟಿ ಸಿಗುತ್ತದೆ, ಬಟವಾಡೆ ಬ್ಯಾಂಕಿಗೆ ಹೋಗುತ್ತದೆ. ಚೀಟಿಯ ಅಂಕಿ ಸರಿಯಿಲ್ಲ ಎನಿಸಿದರೆ ಕೇಳಲು ಕಾರ್ಯದರ್ಶಿ ಎದುರಿಗೇ ಇದ್ದಾನೆ, ಮೇಲೆ ಚುನಾಯಿತ ಆಡಳಿತ ಮಂಡಳಿ ಇದೆ, ಸರ್ವಸದಸ್ಯರ ಸಭೆ ಇದೆ. ಸರ್ಕಾರ 2016ರಿಂದ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ತಡವಾದಾಗ ಮಾತ್ರ ಕೇಳುವ ಜಾಗ ಊರಲ್ಲಿಲ್ಲ. ಹಸು ಅದೇ, ಖಾತೆ ಅದೇ, ಹಾಕಿದ ಹಾಲೂ ಅದೇ. ಒಂದು ಹಣಕ್ಕೆ ಬಾಯಿ ಇದೆ, ಇನ್ನೊಂದಕ್ಕೆ ಇಲ್ಲ.

ಕಾರ್ಖಾನೆಯೊಳಗಿನ ತಂತ್ರಜ್ಞಾನವನ್ನು ಹೊರಗಿನವರು ರೋಬೋ ಎಂದಷ್ಟೇ ನೆನೆಯುತ್ತಾರೆ. ಟೊಯೊಟಾ ಪದ್ಧತಿಯ ಅಡಿಗಲ್ಲಿನಲ್ಲಿ ಒಂದು ಮಗ್ಗವಿದೆ. ಸಕಿಚಿ ಟೊಯೊಡಾ ರೂಪಿಸಿ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಹಾಸಿನ ಎಳೆ ಕಡಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು, ಇದರಿಂದ ಕೆಟ್ಟ ಬಟ್ಟೆ ಮುಂದಕ್ಕೆ ಸಾಗುತ್ತಿರಲಿಲ್ಲ. ಮಗ್ಗದವರ ಮನೆತನದ ಕಂಪನಿ ರೇಷ್ಮೆಯ ಜಿಲ್ಲೆಗೇ ಬಂದು ನೆಲೆಸಿದ್ದು ಚರಿತ್ರೆಯ ಒಂದು ಸುಂದರ ಕಾಕತಾಳೀಯ. ಆ ಮಗ್ಗದ ತತ್ವವೇ ಕಾರಿನ ಜೋಡಣೆ ಸಾಲಿಗೆ ಬಂದು 'ಆಂಡನ್' ಆಯಿತು: ಸಾಲಿನ ಪಕ್ಕದಲ್ಲಿ ಒಂದು ಹಗ್ಗ ಇರುತ್ತದೆ, ತಿರುಪು ಸರಿಯಾಗಿ ಕೂರಲಿಲ್ಲ, ಬಿಡಿಭಾಗ ದೋಷದ್ದಾಗಿದೆ ಎಂದು ಕಂಡ ಕೆಲಸಗಾರ ಅದನ್ನು ಎಳೆಯುತ್ತಾನೆ, ದೀಪ ಹತ್ತುತ್ತದೆ, ಮುಖಂಡ ಓಡಿ ಬರುತ್ತಾನೆ, ತಕ್ಷಣ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಜಗತ್ತಿನ ಅತ್ಯಂತ ಶಿಸ್ತಿನ ಉತ್ಪಾದನಾ ವ್ಯವಸ್ಥೆಯೊಂದು ತನ್ನನ್ನು ನಿಲ್ಲಿಸುವ ಅಧಿಕಾರವನ್ನು ಸಾಲಿನಲ್ಲಿ ನಿಂತವನ ಕೈಗೇ ಕೊಟ್ಟಿದೆ. ಇದರಿಂದ ಗುಣಮಟ್ಟ ಹೆಚ್ಚುತ್ತದೆ ಎಂಬುದೇ ಅದಕ್ಕೆ ಕಾರಣ. ತಪ್ಪು ಕಂಡ ಜಾಗದಲ್ಲೇ ತಿದ್ದುವುದು ಕೊನೆಯಲ್ಲಿ ತಿದ್ದುವುದಕ್ಕಿಂತ ಅಗ್ಗ ಎಂಬ ಈ ಲೆಕ್ಕ, ಪಹಣಿಗೂ ಭವಿಷ್ಯ ನಿಧಿಗೂ ಅನ್ವಯಿಸುತ್ತದೆ. ಸರ್ಕಾರದ ತಂತ್ರಾಂಶಗಳನ್ನು ಬರೆಯಿಸುವವರು ಈ ಕಾರ್ಖಾನೆಯಿಂದ ಕಲಿಯಬೇಕಾದ ಮೊದಲ ಪಾಠ ಇದು.

ಹಗ್ಗದ ವ್ಯಾಪ್ತಿಗೆ ಮಿತಿಯೂ ಇದೆ. ಅದು ವಾಹನದ ದೋಷಕ್ಕೆ ಕೆಲಸ ಮಾಡುತ್ತದೆ, ಕೆಲಸದ ಹೊರೆಗೆ ಮಾಡುವುದಿಲ್ಲ. ಅದೇ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಶುರುವಾದ ವಿವಾದ, ಬೀಗಮುದ್ರೆಗೆ ಹೋಗಿ ಮುಂದಿನ ವರ್ಷಕ್ಕೂ ಎಳೆದಾಗ, ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಒತ್ತಡವೇ ಮುಖ್ಯವಾಗಿತ್ತು. ಆಡಳಿತ ವರ್ಗ ಅದನ್ನು ಶಿಸ್ತಿನ ಪ್ರಶ್ನೆ ಎಂದಿತು. ಯಾರದು ಸರಿ ಎಂಬ ತೀರ್ಪು ಇಲ್ಲಿ ಬೇಡ. ಸಾಲಿನ ವೇಗವನ್ನು ಯಾರು ನಿರ್ಧರಿಸಬೇಕು ಎಂಬುದು ಅಲ್ಲಿ ಜಗಳದ ವಿಷಯವಾಗಿತ್ತು ಎಂಬುದಷ್ಟೇ ಈ ವಾದಕ್ಕೆ ಸಾಕು. ಅದರ ಮುಂದಿನ ತಿಂಗಳೇ, 2020ರ ಡಿಸೆಂಬರ್ 12ರಂದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂದಲೆ ನಡೆಯಿತು. ಸಂಬಳ ಸರಿಯಾಗಿ ಬರುತ್ತಿಲ್ಲ, ಹಾಜರಿ ಲೆಕ್ಕ ತಪ್ಪಿದೆ ಎಂಬ ದೂರುಗಳು ಅದರ ಹಿಂದಿದ್ದವು. ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು. ದಾಂದಲೆಯನ್ನು ಸಮರ್ಥಿಸಲಾಗದು. ಹಾಜರಿ ತಪ್ಪಾಗಿದೆ ಎಂದು ಹೇಳಿಕೊಳ್ಳಲು ಗುತ್ತಿಗೆದಾರ, ಕಂಪನಿ, ಯಂತ್ರ ಮೂರರ ನಡುವೆ ಒಬ್ಬ ಹೊಣೆಗಾರ ಮನುಷ್ಯನಾದರೂ ಸಿಗಬೇಕು ಎಂಬ ಎಚ್ಚರಿಕೆಯನ್ನು ಆ ಘಟನೆಯಿಂದ ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳೂ ತೆಗೆದುಕೊಳ್ಳಬೇಕು. ಇಲ್ಲಿನ ಗುತ್ತಿಗೆ ಕಾರ್ಮಿಕರಲ್ಲಿ ಅನೇಕರು ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರಗಳಿಂದ ಬಂದವರು. ಊರಿಗೆ ಹಣ ಕಳಿಸಲು ಅಂಚೆಯ ಮನಿಯಾರ್ಡರಿಗೆ ಕಾಯಬೇಕಾದ ಕಷ್ಟ ಅವರಿಗಿಲ್ಲ. ಕೂಲಿ ಕಡಿತವಾದರೆ ಕೇಳಲು ಕಡೆ ಪಕ್ಷ ಭಾಷೆ ಗೊತ್ತಿರುವ ಮೇಸ್ತ್ರಿಯೂ ಇಲ್ಲ.

ತಂತ್ರಜ್ಞಾನದ ದೂರತನವೇ ಒಳ್ಳೆಯದಾಗುವ ಸಂದರ್ಭವೂ ಉಂಟು, ಅದನ್ನು ರಸ್ತೆ ತೋರಿಸುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಅಪಘಾತದ ಸಾವುಗಳು ಜನರನ್ನು ಬೆಚ್ಚಿಬೀಳಿಸಿದವು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು, ವೇಗ ಅಳೆಯುವ ಕ್ಯಾಮೆರಾಗಳು ಬಂದವು, ಸಾವುಗಳು ಗಣನೀಯವಾಗಿ ಇಳಿದವು. ಮುಖ ನೋಡಿ ಮಣೆ ಹಾಕದ ಕ್ಯಾಮೆರಾ ಇಲ್ಲಿ ನ್ಯಾಯದ ಕೆಲಸವನ್ನೇ ಮಾಡಿತು. ನಂಬರ್ ಪ್ಲೇಟು ಮತ್ತು ವೇಗ ಎರಡೇ ಸಂಗತಿ ತೀರ್ಮಾನವಾಗಬೇಕಾದ ಕಡೆ ಯಂತ್ರ ಮನುಷ್ಯನಿಗಿಂತ ಮೇಲು. ಹಳೆಯ ರಸ್ತೆಯ ತಟ್ಟೆ ಇಡ್ಲಿ ಹೋಟೆಲು, ಗೊಂಬೆ ಅಂಗಡಿಗಳಿಗೆ ಆದ ಹೊಡೆತ ಬೇರೆ ವಿಷಯ. ಫೋನಿನ ನಕ್ಷೆ ಹೇಳಿದ ದಾರಿಯಲ್ಲಿ ಹೋಗುವ ಕಾರು ಈಗ ಊರೊಳಗೆ ಇಳಿಯುವುದಿಲ್ಲ.

ಅಂಗಡಿಯಲ್ಲಿ ನಡೆದ ಬದಲಾವಣೆ ಇನ್ನೂ ವ್ಯಾಪಕ. 2016ರಲ್ಲಿ ಬಂದ ಯುಪಿಐ, ಅದೇ ವರ್ಷದ ನೋಟು ರದ್ದತಿಯ ಬಳಿಕ ಸಂತೆ, ಎಳನೀರು, ಟೀ ಅಂಗಡಿಗಳವರೆಗೆ ಹರಡಿತು. ಚಿಲ್ಲರೆಯ ಜಗಳ ತಪ್ಪಿತು, ರಾತ್ರಿ ಹಣ ಹೊತ್ತುಕೊಂಡು ಹೋಗುವ ಭಯ ಕಡಿಮೆಯಾಯಿತು. ಆದರೆ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬೆಂಗಳೂರಿನ ಅನೇಕ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕ ಬಂತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ಸರಕಿನ ವ್ಯಾಪಾರಕ್ಕೆ ನೋಂದಣಿ ಬೇಕೆಂಬುದು ಕಾನೂನು, ಅದರಲ್ಲಿ ಹೊಸದೇನಿಲ್ಲ. ಗಣಕಕ್ಕೆ ಕಂಡದ್ದು ಖಾತೆಗೆ ಬಂದ ಒಟ್ಟು ಹಣ. ಅದರಲ್ಲಿ ತೆರಿಗೆಯೇ ಇಲ್ಲದ ಹಾಲು ಎಷ್ಟು, ತರಕಾರಿ ಎಷ್ಟು, ಭಾವಮೈದುನ ಕೊಟ್ಟ ಕೈಸಾಲ ಎಷ್ಟು ಎಂಬುದು ಅದಕ್ಕೆ ಕಾಣಲಿಲ್ಲ. ವಿವರಣೆ ಕೇಳಲು ಕೊಟ್ಟ ನೋಟಿಸೆಂದು ಇಲಾಖೆ ಹೇಳಿತು; ಲಕ್ಷಗಟ್ಟಲೆಯ ಅಂಕಿ ನೋಡಿದ ಬೇಕರಿಯವರಿಗೆ ಅದು ತೀರ್ಪಿನ ಹಾಗೆ ಕಂಡಿತು. ಮುಖ್ಯಮಂತ್ರಿಗಳ ಸಭೆ, ಸಮಾಧಾನಗಳು ಆದ ಮೇಲೆ ವಿಷಯ ತಣ್ಣಗಾಯಿತು. ಇದಕ್ಕೂ ಮೊದಲು, 2023ರಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ನಕಲು ಮಾಡಿ ಆಧಾರ್ ಪಾವತಿಯ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ರಾಜ್ಯದಲ್ಲಿ ಬಯಲಾದವು. ಜಮೀನು ಮಾರಿದ ಹಣ ಬ್ಯಾಂಕಿನಲ್ಲಿರುವ ಕುಟುಂಬಗಳು ಹೆಚ್ಚಾಗಿರುವ ಬಿಡದಿ, ಮಾಗಡಿಯಂಥ ಕಡೆ ಇದು ದೂರದ ಸುದ್ದಿಯಲ್ಲ. ಗುಪ್ತಸಂಖ್ಯೆ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು.

ಚನ್ನಪಟ್ಟಣದ ಗೊಂಬೆ ಕೆಲಸಗಾರನಿಗೆ ಅಂತರ್ಜಾಲ ಕೊಟ್ಟದ್ದು ಮಿಶ್ರ ಫಲ. ಹಾಲೆಮರದ ತುಂಡನ್ನು ಕಡಚಲು ಯಂತ್ರಕ್ಕೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಶಾಖಕ್ಕೆ ಕರಗಿದ ಬಣ್ಣವನ್ನು ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ತರುವ ಈ ಕಸುಬಿಗೆ ಭೌಗೋಳಿಕ ಗುರುತು ಸಿಕ್ಕು ಎರಡು ದಶಕವಾಗುತ್ತಾ ಬಂತು. ಹೆದ್ದಾರಿಯ ಗಿರಾಕಿ ಕಡಿಮೆಯಾದಾಗ ಆನ್‌ಲೈನ್ ಮಾರಾಟವೇ ಉಳಿದ ದಾರಿ ಎನಿಸಿತು. ಆದರೆ 2023ರ ಅಕ್ಟೋಬರಿನವರೆಗೆ, ವಹಿವಾಟು ಎಷ್ಟೇ ಸಣ್ಣದಿರಲಿ, ಆನ್‌ಲೈನ್ ವೇದಿಕೆಯಲ್ಲಿ ಸರಕು ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. ಆಮೇಲೆ ರಾಜ್ಯದೊಳಗಿನ ಮಾರಾಟಕ್ಕಷ್ಟೇ ವಿನಾಯಿತಿ ಬಂತು. ಹಾಗಾಗಿ ವೇದಿಕೆಗೆ ಮೊದಲು ಏರಿದವರು ಲೆಕ್ಕಪತ್ರ, ಛಾಯಾಚಿತ್ರ, ಪಾರ್ಸೆಲ್ ನಿಭಾಯಿಸಬಲ್ಲ ವ್ಯಾಪಾರಿಗಳು, ಮನೆಯಲ್ಲಿ ಗೊಂಬೆ ಕಡೆಯುವವರಲ್ಲ. ಪರದೆಯ ಮೇಲೆ ಅಸಲಿ ಅರಗಿನ ಬಣ್ಣವೂ ಡಬ್ಬಿಯ ಪೇಂಟೂ ಒಂದೇ ಥರ ಕಾಣುತ್ತವೆ ಎಂಬ ತೊಂದರೆ ಬೇರೆ.

ಮನೆಯೊಳಗಿನ ಬದಲಾವಣೆಗೆ ಎರಡು ಸರ್ಕಾರಿ ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಕನಕಪುರ, ಮಾಗಡಿಯ ಹಳ್ಳಿಗಳಿಂದ ಕೆಲಸಕ್ಕೆ ಹೋಗುವವರಿಗೆ ತಿಂಗಳಿಗೆ ಉಳಿಯುವ ಹಣ ಸಣ್ಣದಲ್ಲ. ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದುಕೊಡುವವನು ಕಂಡಕ್ಟರ್, ಸಂದೇಹವಿದ್ದರೆ ಬಸ್ಸಿನಲ್ಲೇ ತೀರ್ಮಾನ. ಅದೇ ವರ್ಷದ ಆಗಸ್ಟಿನಿಂದ ಮನೆಯ ಯಜಮಾನಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯಲ್ಲಿ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಮೂರೂ ಹೊಂದಬೇಕು. ಹಣ ಬಂದವರ ಬದುಕಿಗೆ ಅದು ದೊಡ್ಡ ಆಸರೆ. ಬಾರದವರು ಅಂಗನವಾಡಿ, ಗ್ರಾಮ ಒನ್ ಸೇವಾ ಕೇಂದ್ರ, ಬ್ಯಾಂಕ್ ಎಂದು ಸುತ್ತಬೇಕು, ಪ್ರತಿ ಕಿಟಕಿಯಲ್ಲೂ ತಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂಬ ಉತ್ತರ. ಒಂದೇ ಸರ್ಕಾರ, ಒಂದೇ ವರ್ಷ, ಅದೇ ಹೆಂಗಸು. ಅನುಭವ ಮಾತ್ರ ಬೇರೆ.

ಈ ವಾದಕ್ಕೆ ಬರುವ ಬಲವಾದ ಆಕ್ಷೇಪ, ಹತ್ತಿರದ ಮನುಷ್ಯನನ್ನು ಹೊಗಳುವುದು ಹಳೆಯ ಊರಿನ ದಬ್ಬಾಳಿಕೆಯನ್ನು ಮರೆತ ಮಾತು ಎಂಬುದು. ಆಕ್ಷೇಪ ನ್ಯಾಯವಾದದ್ದೇ. ಶಾನುಭೋಗ ಎಲ್ಲರಿಗೂ ಹತ್ತಿರದವನಾಗಿರಲಿಲ್ಲ. ದಲಿತ ಕೇರಿಯವರಿಗೆ, ಒಂಟಿ ಹೆಂಗಸರಿಗೆ ಅವನ ಜಗಲಿಯೇ ದೂರವಾಗಿತ್ತು. ಮುಖ, ಜಾತಿ ನೋಡದ ಕಿಟಕಿಯೊಂದು ತಾಲ್ಲೂಕಿನಲ್ಲಿ ತೆರೆದದ್ದು ಅವರಿಗೇ ಹೆಚ್ಚಿನ ಗೆಲುವು. ಹಾಗೆಂದು ಇಲ್ಲಿ ಕೇಳುತ್ತಿರುವುದು ಆ ಜಗಲಿಯನ್ನಲ್ಲ. ಗೂಡು ಮಾರುಕಟ್ಟೆಯ, ಹಾಲಿನ ಸಂಘದ ಮಾದರಿಯನ್ನು, ಎಲ್ಲರ ಕಣ್ಣೆದುರು ಇರುವ ಲೆಕ್ಕವನ್ನು ಮತ್ತು ಅದನ್ನು ತಿದ್ದಲು ಕಾನೂನಿನಿಂದ ಕಟ್ಟುಬಿದ್ದ ಅಧಿಕಾರಿಯನ್ನು. ಇನ್ನೊಂದು ಆಕ್ಷೇಪ, ಇವೆಲ್ಲ ಹಿರಿಯ ತಲೆಮಾರಿನ ತೊಡಕು, ಮೊಬೈಲಿನಲ್ಲೇ ಬೆಳೆದ ಮಕ್ಕಳ ಕಾಲಕ್ಕೆ ತಾನಾಗಿ ಮಾಯವಾಗುತ್ತದೆ ಎಂಬುದು. ಭವಿಷ್ಯ ನಿಧಿಗಾಗಿ ಅಲೆಯುವ ಐಟಿಐ ಹುಡುಗನಿಗೆ ಮೊಬೈಲ್ ಬಳಸಲು ಯಾರೂ ಕಲಿಸಬೇಕಾಗಿಲ್ಲ. ಅವನಿಗೆ ಇಲ್ಲದಿರುವುದು ತಿದ್ದುವ ಅಧಿಕಾರ, ಜಾಣತನವಲ್ಲ. ಕೋವಿಡ್ ಕಾಲದಲ್ಲಿ ಶಾಲೆ ಫೋನಿಗೆ ಹೋದಾಗಲೂ ಇದು ಕಂಡಿತು. ಮನೆಗೊಂದೇ ಫೋನು ಇದ್ದ ಮಕ್ಕಳಿಗಾಗಿ 2020ರ ಆಗಸ್ಟಿನಲ್ಲಿ ಶಿಕ್ಷಣ ಇಲಾಖೆ ವಿದ್ಯಾಗಮ ಆರಂಭಿಸಿ, ಮೇಷ್ಟರನ್ನೇ ಕೇರಿಗೆ, ಮರದ ನೆರಳಿಗೆ ಕಳಿಸಬೇಕಾಯಿತು.

ಈ ಎಲ್ಲ ಪ್ರಶ್ನೆಗಳೂ ಈಗ ಒಂದೇ ಜಾಗದಲ್ಲಿ ಕೂಡಿಬಂದಿವೆ. ಬಿಡದಿ ಹತ್ತಿರದ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯತಿಗಳ ಹಳ್ಳಿಗಳಲ್ಲಿ ಸರ್ಕಾರ ಗ್ರೇಟರ್ ಬೆಂಗಳೂರು ಸಮಗ್ರ ಉಪನಗರಕ್ಕಾಗಿ 2025ರಲ್ಲಿ ಸಾವಿರಾರು ಎಕರೆಯ ಭೂಸ್ವಾಧೀನಕ್ಕೆ ಹೊರಟಿತು. ದೇಶದ ಮೊದಲ ಕೃತಕ ಬುದ್ಧಿಮತ್ತೆ ನಗರ ಇದಾಗುತ್ತದೆ ಎಂದು ಪ್ರಚಾರವಾಯಿತು. ರೈತರು ಧರಣಿ ಕೂತರು. ಬೆಂಗಳೂರಿನ ಕೊಳಚೆಯನ್ನು ವೃಷಭಾವತಿ ಹೊತ್ತು ತಂದು ಬೈರಮಂಗಲ ಕೆರೆಗೆ ಸುರಿಯುತ್ತಿದ್ದರೂ ಈ ಹಳ್ಳಿಗಳು ಹಿಪ್ಪುನೇರಳೆ, ತೆಂಗು, ಹಾಲು ನಂಬಿ ಬದುಕಿಕೊಂಡು ಬಂದಿವೆ. ಪರಿಹಾರದ ಲೆಕ್ಕ ಶುರುವಾಗುವುದು ಪಹಣಿಯಿಂದ. 9ನೆಯ ಕಾಲಂನಲ್ಲಿ ಹೆಸರಿರುವವರಿಗೆ ಹಣವೋ ನಿವೇಶನವೋ ಎಂಬ ಆಯ್ಕೆಯಾದರೂ ಇದೆ. ತಾತನ ಹೆಸರಲ್ಲೇ ಪಹಣಿ ಉಳಿದವರು ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಹುಳುಮನೆಯಲ್ಲಿ ಸೊಪ್ಪು ಹಾಕುವ ಕೂಲಿಯ ಹೆಂಗಸರಿಗೆ, ಬೇರೆಯವರ ಬದುವಿನ ಹುಲ್ಲು ಕೊಯ್ದು ಎರಡು ಹಸು ಕಟ್ಟಿದ ಭೂಮಿಯಿಲ್ಲದ ಮನೆಗಳಿಗೆ ಆ ಪಹಣಿಯಲ್ಲಿ ಯಾವ ಕಾಲಮ್ಮೂ ಇಲ್ಲ. ಅವರ ಜೀವನೋಪಾಯವನ್ನು ಬರೆದುಕೊಳ್ಳುವ ಒಂದು ಪಟ್ಟಿ, ಆ ಪಟ್ಟಿಯನ್ನು ಊರ ಗ್ರಾಮಸಭೆಯಲ್ಲಿ ಓದಿ ತಿದ್ದುವ ಒಂದು ದಿನ, ಭೂಮಿ ಅಳೆಯುವುದಕ್ಕೆ ಮೊದಲು ಆಗಬೇಕಾದ ಕೆಲಸ.